ಮಾತಿಲ್ಲದ ವಿಜ್ಞಾನಿ, ಮುಗಿಯದ ಕಥೆ

ಗೇಮ್ ಅಂದರೆ ಬಿಜಿಎಂಐ, ಇಲ್ಲವೇ ಫ್ರೀ ಫೈರ್ ಮ್ಯಾಕ್ಸ್. ನಮ್ಮ ಕಡೆ ಅಷ್ಟೇ ಅರ್ಥ. ಕೊಪ್ಪಳ, ಕುಷ್ಟಗಿ, ಯಲಬುರ್ಗಾ, ಯಾವ ಊರಿನ ಬಸ್ ನಿಲ್ದಾಣಕ್ಕೆ ಹೋದರೂ ಮೊಬೈಲ್ ಅಡ್ಡ ಹಿಡಿದು ಕೂತ ನಾಲ್ಕು ಹುಡುಗರು ಕಾಣುತ್ತಾರೆ. ಅವರನ್ನು ಬೈಯಲು ನಾನು ಬರೆಯುತ್ತಿಲ್ಲ. ಆದರೆ ಆ ಆಟಗಳಿಗೆ ಕೊನೆ ಎಂಬುದಿಲ್ಲ. ಒಂದು ಮ್ಯಾಚ್ ಮುಗಿದರೆ ಇನ್ನೊಂದು. ಹೀಗಾಗಿ ಗೇಮ್ ಕೂಡ ಕಾದಂಬರಿಯಂತೆ ಕಥೆ ಹೇಳಬಲ್ಲದು, ಆ ಕಥೆಯ ಗುಣ-ದೋಷಗಳನ್ನು ಚರ್ಚಿಸಬಹುದು ಎಂದರೆ ಗೆಳೆಯರು ನಗುತ್ತಾರೆ. ಅಂಥವರಿಗಾಗಿ 'ಹಾಫ್-ಲೈಫ್ 2' ಎಂಬ ಗೇಮ್‌ನ ಕಥೆಯ ಬಗ್ಗೆ ನಾಲ್ಕು ಮಾತು.

ಅಮೆರಿಕದ ವಾಲ್ವ್ ಕಂಪನಿ ಇದನ್ನು ಬಿಡುಗಡೆ ಮಾಡಿದ್ದು 2004ರ ನವೆಂಬರ್ 16ರಂದು, ಅಂದರೆ ನಾನು ಹುಟ್ಟುವ ಮೊದಲು. 1998ರಲ್ಲಿ ಬಂದ 'ಹಾಫ್-ಲೈಫ್'ನ ಮುಂದಿನ ಭಾಗವಿದು. 20 ವರ್ಷ ತುಂಬಿದ ನೆಪದಲ್ಲಿ 2024ರ ನವೆಂಬರ್‌ನಲ್ಲಿ ಕೆಲವು ದಿನ ಉಚಿತವಾಗಿ ಸಿಕ್ಕಿತು. ಗ್ರಾಫಿಕ್ಸ್ ಕಾರ್ಡ್ ಇಲ್ಲದ ಸಾದಾ ಲ್ಯಾಪ್‌ಟಾಪ್‌ನಲ್ಲೂ ಓಡುತ್ತದೆ. ಹಾಸ್ಟೆಲ್ ಹುಡುಗರಿಗೆ ಇದು ಸಣ್ಣ ವಿಷಯವಲ್ಲ. ಕೊನೆಯವರೆಗಿನ ಕಥೆಯನ್ನು ಇಲ್ಲಿ ಹೇಳಿಬಿಡುತ್ತಿದ್ದೇನೆ. ಆಡಿ ತಿಳಿಯುವೆ ಎನ್ನುವವರು ಇಲ್ಲಿಗೇ ನಿಲ್ಲಿಸಬಹುದು.

ನಾಯಕ ಗಾರ್ಡನ್ ಫ್ರೀಮನ್, ಎಂಐಟಿಯಲ್ಲಿ ಭೌತವಿಜ್ಞಾನದ ಡಾಕ್ಟರೇಟ್ ಪಡೆದವನು. ಮೊದಲ ಭಾಗದ ದುರಂತದ ನಂತರ ಸುಮಾರು 20 ವರ್ಷ ಅವನನ್ನು ಕಾಲದಿಂದಲೇ ಹೊರಗಿಡಲಾಗಿರುತ್ತದೆ. ಕಣ್ಣು ಬಿಟ್ಟರೆ ರೈಲಿನಲ್ಲಿದ್ದಾನೆ, ರೈಲು 'ಸಿಟಿ 17' ಎಂಬ ನಗರಕ್ಕೆ ಬಂದು ನಿಲ್ಲುತ್ತದೆ. ಅಷ್ಟರಲ್ಲಿ ಕಂಬೈನ್ ಎಂಬ ಅನ್ಯಲೋಕದ ಸಾಮ್ರಾಜ್ಯ ಭೂಮಿಯನ್ನು ಏಳೇ ತಾಸಿನ ಯುದ್ಧದಲ್ಲಿ ಗೆದ್ದುಕೊಂಡಿದೆ. ಶರಣಾಗತಿಯ ಮಾತುಕತೆ ನಡೆಸಿದ ಡಾ. ಬ್ರೀನ್ ಈಗ ಅವರ ಪರವಾಗಿ ಆಳುತ್ತಿದ್ದಾನೆ, ದೊಡ್ಡ ಪರದೆಗಳ ಮೇಲೆ ದಿನವಿಡೀ ಭಾಷಣ ಮಾಡುತ್ತಾನೆ.

ಈ ಕಥೆಯ ದೊಡ್ಡ ಬಲವೆಂದರೆ ಅದು ನಮ್ಮ ಕಣ್ಣನ್ನು ನಂಬುತ್ತದೆ. ಆಟ ನಿಲ್ಲಿಸಿ ಸಿನಿಮಾ ತೋರಿಸುವುದಿಲ್ಲ. ಇಡೀ ಕಥೆ ಫ್ರೀಮನ್‌ನ ಕಣ್ಣಿನಿಂದಲೇ ಕಾಣುತ್ತದೆ. ರೈಲು ನಿಲ್ದಾಣದಲ್ಲಿ ಒಬ್ಬ ಪೊಲೀಸ್ ಬೇಕೆಂದೇ ಖಾಲಿ ಡಬ್ಬಿ ಕೆಡವಿ, ಎತ್ತಿ ಕಸದ ಬುಟ್ಟಿಗೆ ಹಾಕು ಎನ್ನುತ್ತಾನೆ. ನೀವು ಹಾಕಬಹುದು, ಅವನ ಮುಖಕ್ಕೇ ಎಸೆದು ಪೆಟ್ಟು ತಿನ್ನಲೂಬಹುದು. ವಸ್ತು ಎತ್ತುವುದು ಹೇಗೆಂಬ ಪಾಠ, ಈ ಊರಲ್ಲಿ ಮನುಷ್ಯನಿಗೆ ಏನು ಬೆಲೆ ಎಂಬ ಪಾಠ, ಎರಡೂ ಅರ್ಧ ನಿಮಿಷದಲ್ಲಿ ಮುಗಿಯುತ್ತವೆ. ಮುಂದೆ ಮಕ್ಕಳ ಆಟದ ಮೈದಾನ ಸಿಗುತ್ತದೆ, ಮಕ್ಕಳಿಲ್ಲ. ಮನುಷ್ಯರಿಗೆ ಮಕ್ಕಳಾಗದಂತೆ ಆಳುವವರು ತಡೆ ಹಾಕಿದ್ದಾರೆ ಎಂಬುದು ಬ್ರೀನ್‌ನ ಭಾಷಣವನ್ನು ಕಿವಿಗೊಟ್ಟು ಕೇಳಿದವರಿಗೆ ಮಾತ್ರ ಗೊತ್ತಾಗುತ್ತದೆ.

ಸಮುದ್ರ ತೀರದ ಭಾಗ ನನಗೆ ಬಹಳ ಹಿಡಿಸಿತು. ದೋಣಿಗಳು ಒಣ ಮರಳಿನ ಮೇಲೆ ಬಿದ್ದಿವೆ, ದೋಣಿಕಟ್ಟೆಯಿಂದ ನೀರು ಎಷ್ಟೋ ಕೆಳಗಿದೆ. ಕಂಬೈನ್ ಸಮುದ್ರವನ್ನೇ ಬತ್ತಿಸುತ್ತಿದೆ ಎಂದು ಯಾರೂ ಕೂತು ವಿವರಿಸುವುದಿಲ್ಲ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದಾಗ ನೀರು ಹರಿದು ಹೋಗುವುದನ್ನು ನೋಡಿ ಹೊಟ್ಟೆ ಉರಿದುಕೊಂಡ ಗಂಗಾವತಿಯ ಭತ್ತದ ರೈತರ ಮನೆಯ ಮಕ್ಕಳಿಗೆ ಆ ತೀರದ ಅರ್ಥ ಯಾರೂ ಹೇಳಿಕೊಡಬೇಕಿಲ್ಲ.

ಎರಡನೆಯ ಬಲ, ಭೌತಶಾಸ್ತ್ರವೇ ಕಥೆಯ ಭಾಗವಾಗಿರುವುದು. ಕಾಲುವೆಯ ದಾರಿಯಲ್ಲಿ ಒಂದು ಹಲಗೆ ಏತದ ಮರದಂತೆ ನಡುವೆ ಆನಿಕೊಂಡಿದೆ. ಒಂದು ತುದಿಗೆ ಸಿಮೆಂಟ್ ಇಟ್ಟಿಗೆ ಹೇರಿದರೆ ಇನ್ನೊಂದು ತುದಿ ಏರುತ್ತದೆ, ನೀವು ಹತ್ತಿ ದಾಟುತ್ತೀರಿ. ಇನ್ನೊಂದೆಡೆ ಖಾಲಿ ಬ್ಯಾರಲ್‌ಗಳನ್ನು ನೀರಿನಡಿ ತಳ್ಳಿ ಇಳಿಜಾರು ಹಲಗೆಯನ್ನು ತೇಲಿಸಬೇಕು. ಮೊದಲ ವರ್ಷದ ಬಿಇಯಲ್ಲಿ ಬರೀ ಅಂಕಕ್ಕಾಗಿ ಬಿಡಿಸಿದ ಲೆಕ್ಕ ಇಲ್ಲಿ ದಾರಿ ಬಿಡಿಸುತ್ತದೆ. ವಸ್ತುಗಳನ್ನು ಸೆಳೆದು ಎಸೆಯುವ ಗ್ರ್ಯಾವಿಟಿ ಗನ್ ಅಂತೂ ಮೊದಲು ನಮ್ಮ ಕೈಗೆ ಬರುವುದೇ ಕೆಲಸದ ಉಪಕರಣವಾಗಿ, ಅದರಿಂದ ರೋಬೊ ನಾಯಿಯೊಂದಿಗೆ ಚೆಂಡಾಟ ಆಡುತ್ತೇವೆ. ಮರುಗಳಿಗೆ ರೇವನ್‌ಹೋಮ್ ಎಂಬ ಹಾಳೂರಿನಲ್ಲಿ ಅದೇ ಉಪಕರಣ ಗರಗಸದ ಚಕ್ರ ಎಸೆಯುವ ಆಯುಧವಾಗುತ್ತದೆ.

ಇನ್ನು ದೌರ್ಬಲ್ಯಗಳು. ದೋಣಿ ಮತ್ತು ಬಗ್ಗಿ ಓಡಿಸುವ ಎರಡು ಅಧ್ಯಾಯಗಳು ಬೇಕಾದ್ದಕ್ಕಿಂತ ಉದ್ದ, ಅಲ್ಲಿ ಕಥೆ ಅಲುಗಾಡುವುದಿಲ್ಲ. ಮೊದಲ ಭಾಗ ಆಡದವರಿಗೆ ಹಳೆಯ ಪಾತ್ರಗಳ ನಂಟು ಅರ್ಥವಾಗುವುದು ನಿಧಾನ. ಇವೆಲ್ಲ ಸಣ್ಣವು. ದೊಡ್ಡ ಕೊರತೆ ಬೇರೆ ಇದೆ. ನೋವಾ ಪ್ರಾಸ್ಪೆಕ್ಟ್ ಎಂಬ ಸೆರೆಮನೆಯಿಂದ ಫ್ರೀಮನ್ ಮತ್ತು ಅಲಿಕ್ಸ್ ಟೆಲಿಪೋರ್ಟ್ ಮೂಲಕ ಪಾರಾಗುತ್ತಾರೆ. ಅವರಿಗೆ ಅದು ಒಂದು ಕ್ಷಣ. ಹೊರಗೆ ಒಂದು ವಾರ ಕಳೆದಿರುತ್ತದೆ. ಆ ವಾರದಲ್ಲೇ ಜನ ದಂಗೆ ಎದ್ದಿದ್ದಾರೆ! ಗುಲಾಮರಾಗಿದ್ದವರು ಮೊದಲ ಸಲ ತಲೆ ಎತ್ತಿದ ಘಳಿಗೆಯೇ ನಮಗೆ ಕಾಣುವುದಿಲ್ಲ. ನಾವು ಬರುವಷ್ಟರಲ್ಲಿ ಎಲ್ಲರೂ ಫ್ರೀಮನ್‌ನನ್ನು ನಾಯಕ ಎಂದು ಒಪ್ಪಿಕೊಂಡಾಗಿದೆ. ಯಾಕೆ ಒಪ್ಪಿಕೊಂಡರು? ಅವನು ಅವರಿಗೆ ಒಂದು ಮಾತನ್ನೂ ಆಡಿಲ್ಲ.

ಹೌದು, ಫ್ರೀಮನ್ ಇಡೀ ಗೇಮ್‌ನಲ್ಲಿ ಬಾಯಿ ಬಿಡುವುದಿಲ್ಲ. ಆಡುವವನೇ ನಾಯಕ ಎನಿಸಲಿ ಎಂದು ಹೀಗೆ ಮಾಡಿದ್ದಾರೆ ಎಂಬುದು ಅಭಿಮಾನಿಗಳ ಸಮರ್ಥನೆ. ಆರಂಭದಲ್ಲಿ ಅದು ಸರಿ ಎನಿಸುತ್ತದೆ. ಆದರೆ ನಮ್ಮ ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಘೋಷಣೆಯಾಗಿದ್ದು ಯಾವ ಕಲೆಗೆ ಎಂದು ನೆನಪಿಸಿಕೊಳ್ಳಿ. ತೊಗಲುಗೊಂಬೆಯಾಟದಲ್ಲಿ ಗೊಂಬೆ ಬರೀ ಚರ್ಮ. ಆದರೂ ಪರದೆಯ ಹಿಂದೆ ಕೂತವರು ಅದಕ್ಕೊಂದು ದನಿ ಕೊಡುತ್ತಾರೆ, ಆ ದನಿಯಿಂದಲೇ ಗೊಂಬೆ ಪಾತ್ರವಾಗುತ್ತದೆ. ಫ್ರೀಮನ್‌ಗೆ ಆ ಭಾಗ್ಯವೂ ಇಲ್ಲ.

ಇದರ ನಷ್ಟ ಕೊನೆಯಲ್ಲಿ ಕಾಣುತ್ತದೆ. ಸಿಟಡೆಲ್ ಎಂಬ ಆಕಾಶ ಮುಟ್ಟುವ ಕಟ್ಟಡದೊಳಗೆ ಬ್ರೀನ್ ಒಂದು ಪ್ರಶ್ನೆ ಕೇಳುತ್ತಾನೆ. ಇಷ್ಟೆಲ್ಲ ನಾಶ ಮಾಡಿದೆಯಲ್ಲ, ವಿಜ್ಞಾನಿಯಾಗಿ ನೀನು ಸೃಷ್ಟಿಸಿದ್ದೇನು, ಒಂದಾದರೂ ಹೆಸರಿಸು ಎಂಬುದು ಅದರ ತಾತ್ಪರ್ಯ. ಇಡೀ ಗೇಮ್‌ನ ಅತ್ಯುತ್ತಮ ಪ್ರಶ್ನೆಯಿದು, ಅದನ್ನು ಖಳನಾಯಕ ಕೇಳುತ್ತಾನೆ. ಎಂಜಿನಿಯರಿಂಗ್ ಓದುವ ಯಾರಿಗಾದರೂ ಇದು ನಾಟುತ್ತದೆ. ಪದವಿ ಇದೆ, ಅಂಕಪಟ್ಟಿ ಇದೆ, ನೀನು ಮಾಡಿದ್ದು ಏನು ಎಂದು ನಾಳೆ ಸಂದರ್ಶನದಲ್ಲಿ ಕೇಳುವುದೂ ಇದನ್ನೇ. ಫ್ರೀಮನ್ ಸುಮ್ಮನಿರುತ್ತಾನೆ.

ಆದರೆ ಉತ್ತರ ಇತ್ತು. ಇಟ್ಟಿಗೆ ಹೇರಿ ದಾರಿ ಮಾಡಿದ್ದು, ಬ್ಯಾರಲ್ ತೇಲಿಸಿ ಇಳಿಜಾರು ಕಟ್ಟಿದ್ದು, ಅವನ್ನೆಲ್ಲ ಮಾಡಿದ್ದು ನಾವೇ. ಆಟ ನಮ್ಮ ಕೈಯಿಂದ ಕಟ್ಟಿಸಿತು, ಕಥೆ ಮಾತ್ರ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಕಥೆಗೆ ಫ್ರೀಮನ್ ಕೊಂದವರ ಲೆಕ್ಕ ಮಾತ್ರ ಗೊತ್ತು. ನನ್ನ ಪ್ರಕಾರ 'ಹಾಫ್-ಲೈಫ್ 2'ರ ಮುಖ್ಯ ದೋಷ ಇದು: ಆಡುವವನ ಕಣ್ಣನ್ನು ಅಷ್ಟು ನಂಬಿದ ಗೇಮ್, ಅವನ ತೀರ್ಮಾನವನ್ನು ನಂಬಲಿಲ್ಲ. ಡಬ್ಬಿ ಎಸೆಯುವಾಗ ಇದ್ದ ಆಯ್ಕೆ ಭೂಮಿಯ ಹಣೆಬರಹ ಬರೆಯುವಾಗ ಇಲ್ಲ. ಸ್ಫೋಟದ ನಡುವೆ ಕಾಲ ನಿಲ್ಲುತ್ತದೆ, ಸೂಟು ತೊಟ್ಟ ಜಿ-ಮ್ಯಾನ್ ಬಂದು ಫ್ರೀಮನ್‌ನನ್ನು ಮತ್ತೆ ಎತ್ತಿಟ್ಟುಬಿಡುತ್ತಾನೆ, ಮುಗಿಯಿತು. ಅಲಿಕ್ಸ್ ಏನಾದಳು, ನಗರ ಏನಾಯಿತು, ಯಾವುದಕ್ಕೂ ಉತ್ತರವಿಲ್ಲ.

ಉತ್ತರ ಕೊಡಲು 2006ರಲ್ಲಿ 'ಎಪಿಸೋಡ್ ಒನ್', 2007ರಲ್ಲಿ 'ಎಪಿಸೋಡ್ ಟೂ' ಬಂದವು. ಎರಡನೆಯದು ಅಲಿಕ್ಸ್‌ಳ ತಂದೆ ಅವಳ ಕಣ್ಣೆದುರೇ ಸಾಯುವಲ್ಲಿ ನಿಂತಿತು. ಮೂರನೆಯದು ಬರಲೇ ಇಲ್ಲ. ಕಥೆಗಾರ ಮಾರ್ಕ್ ಲೈಡ್‌ಲಾ ಕಂಪನಿ ಬಿಟ್ಟ ಮೇಲೆ, 2017ರಲ್ಲಿ, ಹೆಸರುಗಳನ್ನು ಬದಲಿಸಿ ಆ ಭಾಗದ ಕಥಾಸಾರವನ್ನು ಒಂದು ಪತ್ರದ ರೂಪದಲ್ಲಿ ಪ್ರಕಟಿಸಿದರು. 2020ರಲ್ಲಿ ಬಂದ 'ಹಾಫ್-ಲೈಫ್: ಅಲಿಕ್ಸ್' ಆಡಲು ವಿಆರ್ ಹೆಡ್‌ಸೆಟ್ ಬೇಕು. ಕೊನೆ ಇದೆ ಎಂಬ ಕಾರಣಕ್ಕೇ ಕಥೆಯ ಗೇಮ್ ದೊಡ್ಡದು ಎಂದು ವಾದಿಸುವ ನನ್ನಂಥವರಿಗೆ ಇದು ನುಂಗಲಾರದ ತುತ್ತು.

ಇಷ್ಟಾದರೂ ಆಡಿ ಎಂದೇ ಹೇಳುತ್ತೇನೆ. ಅದಕ್ಕೆ ಕಾರಣ ಸಿಟಿ 17. ಅದರ ರೂಪ ಕೊಟ್ಟ ಕಲಾ ನಿರ್ದೇಶಕ ವಿಕ್ಟರ್ ಆಂಟೊನೊವ್ ಬಲ್ಗೇರಿಯಾದ ಸೋಫಿಯಾದವರು, 2025ರಲ್ಲಿ ತೀರಿಕೊಂಡರು. ತಾವು ಬೆಳೆದ ಊರಿನ ಬಣ್ಣ ಮಾಸಿದ ಕಟ್ಟಡಗಳ ನೆನಪನ್ನೇ ಅವರು ಗೇಮ್‌ಗೆ ತಂದರು. ಆ ಊರು ನಿಜವೆನಿಸುವುದು ಅದಕ್ಕೇ. ಬೆಂಗಳೂರಿನಲ್ಲಿ ರಾಜೇಶ್ ರಾವ್ 1997ರಲ್ಲೇ 'ಧ್ರುವ ಇಂಟರ್‍ಯಾಕ್ಟಿವ್' ಕಟ್ಟಿದರು. ವಿದೇಶಿ ಗೇಮ್‌ಗಳಿಗೆ ಬೇಕಾದ ಚಿತ್ರಣ ಇಲ್ಲಿ ತಯಾರಾಗುತ್ತ ಬಂದಿದೆ, ಕಥೆ ಮಾತ್ರ ಅವರದೇ. ಹಿರೇಬೆಣಕಲ್‌ನ ಬೆಟ್ಟದ ಮೇಲಿನ ಕಲ್ಲುಮನೆಗಳು, ಆನೆಗೊಂದಿಯ ಬಂಡೆಗಳು, ಎಡದಂಡೆ ಕಾಲುವೆ, ಇವುಗಳ ನಡುವೆ ಬೆಳೆದವರು ಕೋಡಿಂಗ್ ಕಲಿತು ಗೇಮ್ ಕಂಪನಿಯ ಕೆಲಸ ಹುಡುಕುವುದಾದರೆ, ಈ ಗೇಮನ್ನು ಪಠ್ಯದಂತೆ ಆಡಿ. ಜಾಗವೇ ಕಥೆ ಹೇಳುವುದು ಹೇಗೆಂದು ಅದರಿಂದ ಕಲಿಯಿರಿ. ನಿಮ್ಮ ನಾಯಕಿಗೋ ನಾಯಕನಿಗೋ ಬಾಯಿ ಕೊಡಿ. ಮತ್ತು ಕಥೆಯನ್ನು ಮುಗಿಸಿ.