ಗಿರಾಕಿಯ ಕಣ್ಣೆದುರು ಕೊಯ್ದ ಬನ್

ಕಳೆದ ರಜೆಯಲ್ಲಿ ಊರಿಗೆ ಹೋದಾಗ ಚಿಕ್ಕಪ್ಪನ ಮಗ ಒಂದು ಮೆನು ಕಾರ್ಡ್ ತಂದು ಕೈಗಿಟ್ಟ. ಸ್ಯಾಂಡ್‌ವಿಚ್ ಅಂಗಡಿ ಹಾಕುತ್ತಾನಂತೆ. ಮೂವತ್ತೆಂಟು ಬಗೆ. "ನೀವು ಮೆಕ್ಯಾನಿಕಲ್ ಓದಿದವರಲ್ಲವಾ, ಯಾವ ಗ್ರಿಲ್ ಮೆಷಿನ್ ತೆಗೆದುಕೊಳ್ಳಲಿ ಹೇಳಿ" ಎಂದ. ನಾನು ಪೆನ್ ತೆಗೆದು ಮಯೋನೈಸ್ ಇರುವ ಸಾಲುಗಳಿಗೆಲ್ಲ ಗೆರೆ ಎಳೆದೆ. ಉಳಿದದ್ದು ನಾಲ್ಕು. ಅವನಿಗೆ ಬೇಸರವಾಯಿತು. ಆ ಬೇಸರಕ್ಕೆ ಉತ್ತರವಾಗಿ ಇದನ್ನು ಬರೆಯುತ್ತಿದ್ದೇನೆ. ಅವನೊಬ್ಬನಿಗಲ್ಲ, ಹೋಟೆಲು, ಬೇಕರಿ, ಜ್ಯೂಸ್ ಅಂಗಡಿ ನಡೆಸುವ ನಮ್ಮವರೆಲ್ಲರಿಗೂ.

ನಾನಿರುವುದು ಸಿಂಗಾನಲ್ಲೂರಿನಲ್ಲಿ. ಡಾ. ರಾಜಕುಮಾರ್ ಹೆಸರಿನ ಜೊತೆ ಬರುವ ಸಿಂಗಾನಲ್ಲೂರು ಅಲ್ಲ, ಇದು ಕೊಯಮತ್ತೂರಿನದು. ತಿರುಚ್ಚಿ ರಸ್ತೆ, ಬಸ್ ನಿಲ್ದಾಣ, ಮಿಲ್ಲು, ಪಂಪು ಮಾಡುವ ವರ್ಕ್‌ಶಾಪು. ಇಲ್ಲಿಯ ಬೇಕರಿಗಳಲ್ಲಿ ಬನ್-ಬಟರ್-ಜಾಮ್ ಎಂಬ ಒಂದು ತಿಂಡಿ ಉಂಟು. 2025ರಲ್ಲಿ ಇದೇ ಹೆಸರಿನ ತಮಿಳು ಸಿನಿಮಾ ಕೂಡ ಬಂತು. ನೀವು ಹೇಳಿದ ಮೇಲೆಯೇ ಅವನು ಬನ್ ಕೊಯ್ಯುತ್ತಾನೆ, ಬೆಣ್ಣೆ ಸವರುತ್ತಾನೆ, ಮೇಲೆ ಜಾಮ್ ಹಚ್ಚಿ ಮುಚ್ಚುತ್ತಾನೆ. ಒಂದು ನಿಮಿಷದ ಕೆಲಸ. ಒಂದು ಕೈಯಲ್ಲಿ ಬನ್, ಇನ್ನೊಂದರಲ್ಲಿ ಟೀ.

ಇದರಲ್ಲಿ ಏನು ಮಹಾ ಎಂದು ನಾನೂ ಮೊದಲು ನಕ್ಕಿದ್ದೆ. ಊರಲ್ಲಿ ಉಪ್ಪನ ಜಿನಸಿ ಅಂಗಡಿಗೆ ಯಾರಾದರೂ ಬ್ರೆಡ್ ಕೇಳಿಕೊಂಡು ಬಂದರೆ "ಮನೆಯಲ್ಲಿ ಯಾರಿಗೆ ಜ್ವರ?" ಎಂದು ಉಪ್ಪ ವಿಚಾರಿಸುತ್ತಿದ್ದರು. ಬ್ರೆಡ್ಡೆಂದರೆ ನಮಗೆ ರೋಗಿಯ ಊಟ. ಆದರೆ ಹತ್ತು ವರ್ಷ ಇಲ್ಲಿ ಶಿಫ್ಟ್ ಮಾಡಿದ ಮೇಲೆ ಅರ್ಥವಾಯಿತು, ಒಳ್ಳೆಯ ಸ್ಯಾಂಡ್‌ವಿಚ್ ಎಂದರೆ ಒಳ್ಳೆಯ ಜೋಡಣೆ. ಬೆಣ್ಣೆ ಅಲ್ಲಿರುವುದು ರುಚಿಗೆ ಮಾತ್ರವಲ್ಲ. ಅದು ಆಯಿಲ್ ಸೀಲ್‌ನ ಕೆಲಸ ಮಾಡುತ್ತದೆ: ಜಾಮಿನ ನೀರು ಬನ್ನಿಗೆ ಇಳಿಯದಂತೆ ತಡೆಯುತ್ತದೆ. ಮೂರೇ ಭಾಗ, ಮೂರಕ್ಕೂ ಕೆಲಸ ಉಂಟು. ಮುಂಬೈಯ ವಡಾ ಪಾವ್, ಸೇಲಂನ ತಟ್ಟುವಡೆ ಸೆಟ್, ಬೆಂಗಳೂರಿನ ಬೇಕರಿಯ ಬೆಣ್ಣೆ ಬನ್ನಿನೊಳಗಿನ ಕಾಂಗ್ರೆಸ್ ಕಡಲೆಕಾಯಿ, ಎಲ್ಲದರ ಗುಟ್ಟು ಇದೇ. ಕಡಿಮೆ ಸಾಮಾನು, ಕಣ್ಣೆದುರಿನ ಕೈಕೆಲಸ, ಕೂಲಿಯವನ ಜೇಬಿಗೆ ಎಟಕುವ ಬೆಲೆ.

ಇನ್ನೊಂದು ಮಾತು. ಆ ಬೇಕರಿಯ ಕಟ್ಟೆಯಲ್ಲಿ ನನ್ನ ಪಕ್ಕ ನಿಲ್ಲುವವರಲ್ಲಿ ಮನೆಯಲ್ಲಿ ಕನ್ನಡ ಮಾತಾಡುವ ದೇವಾಂಗದವರು ಇದ್ದಾರೆ, ಮಲಯಾಳಿಗಳು ಇದ್ದಾರೆ, ಬಿಹಾರದ ಹುಡುಗರು ಇದ್ದಾರೆ. ಒಬ್ಬ ಸಸ್ಯಾಹಾರಿ, ಒಬ್ಬ ಹಲಾಲ್ ನೋಡುವವ. ಬನ್-ಬಟರ್-ಜಾಮ್ ಮುಂದೆ ಯಾರೂ ಏನೂ ವಿಚಾರಿಸಬೇಕಿಲ್ಲ. ಇಷ್ಟು ಜನರನ್ನು ಒಟ್ಟಿಗೆ ನಿಲ್ಲಿಸುವ ತಿಂಡಿ ಆ ಮೂವತ್ತೆಂಟರಲ್ಲಿ ಎಷ್ಟಿದೆ?

"ಗಿರಾಕಿ ಕೇಳುವುದೇ ಮಯೋನೈಸ್, ನಾವೇನು ಮಾಡುವುದು?" ಇದು ಎಲ್ಲರ ಉತ್ತರ. ಗಿರಾಕಿ ಕೇಳುತ್ತಾನೆ, ನಿಜ. ಆದರೆ ಅದು ಹಸಿ ಮೊಟ್ಟೆ ಮತ್ತು ಎಣ್ಣೆ ಸೇರಿಸಿ ಕಡೆದದ್ದು, ಒಲೆಯನ್ನೇ ಕಾಣದ ವಸ್ತು, ಬೆಳಿಗ್ಗೆಯಿಂದ ರಾತ್ರಿವರೆಗೆ ಸೆಕೆಯಲ್ಲಿ ಡಬ್ಬದೊಳಗೆ ಕೂತಿದೆ ಎಂಬುದು ಗಿರಾಕಿಗೆ ಗೊತ್ತಿಲ್ಲ. ನಿಮಗೆ ಗೊತ್ತು. ಹಸಿ ಮೊಟ್ಟೆಯ ಮಯೋನೈಸನ್ನು ಕೇರಳ 2023ರ ಜನವರಿಯಲ್ಲಿ ನಿಷೇಧಿಸಿತು, ತೆಲಂಗಾಣ 2024ರ ಅಕ್ಟೋಬರ್ ಕೊನೆಗೆ. ತಮಿಳುನಾಡು 2025ರ ಏಪ್ರಿಲ್ 8ರಿಂದ ಒಂದು ವರ್ಷಕ್ಕೆ ನಿಷೇಧ ಹಾಕಿತು. ಮೂರು ಸರ್ಕಾರಗಳಿಗೆ ಬೇರೆ ಕೆಲಸ ಇರಲಿಲ್ಲವೇ? 2022ರ ಮೇ ತಿಂಗಳಲ್ಲಿ ನಮ್ಮ ಕಾಸರಗೋಡು ಜಿಲ್ಲೆಯ ಚೆರುವತ್ತೂರಿನಲ್ಲಿ ಶವರ್ಮಾ ತಿಂದು ಹಲವರು ಆಸ್ಪತ್ರೆ ಸೇರಿದ್ದು, ಒಬ್ಬ ವಿದ್ಯಾರ್ಥಿನಿ ತೀರಿಕೊಂಡದ್ದು ಅಷ್ಟು ಬೇಗ ಮರೆತುಹೋಯಿತೇ? ಅಲ್ಲಿ ತಪ್ಪು ಮಯೋನೈಸಿನದ್ದೇ ಎಂದು ನಾನು ಹೇಳುತ್ತಿಲ್ಲ. ಬೇಯದ್ದನ್ನು, ಹಳತಾದದ್ದನ್ನು ರೊಟ್ಟಿಯೊಳಗೆ ಮುಚ್ಚಿ ಕೊಡುವ ಅಭ್ಯಾಸದ್ದು ಎನ್ನುತ್ತಿದ್ದೇನೆ.

ಇದು ಪೇಪರ್ ಓದಿ ಬಂದ ಸಿಟ್ಟಲ್ಲ. ಒಂದು ಸಲ ಊರಿನ ಅಂಗಡಿಯೊಂದರಲ್ಲಿ ನನ್ನ ಮಗಳು ಕ್ಲಬ್ ಸ್ಯಾಂಡ್‌ವಿಚ್ ತಿಂದಳು. ಮರುದಿನದಿಂದ ಮೂರು ದಿನ ಡ್ರಿಪ್. ಅಂಗಡಿ ನಮ್ಮವರದ್ದೇ. "ನಮ್ಮವರಲ್ಲವಾ, ಹೊಟ್ಟೆಪಾಡು, ದೂರು ಕೊಡಬೇಡ" ಎಂದು ಮನೆಯವರು ಹೇಳಿದರು. ಕೊಡಲಿಲ್ಲ. ಇವತ್ತಿಗೂ ಅದು ನನ್ನನ್ನು ಚುಚ್ಚುತ್ತದೆ. ನಾನು ಬಾಯಿ ಮುಚ್ಚಿಕೊಂಡ ವಾರ ಇನ್ನೆಷ್ಟು ಮಕ್ಕಳು ಅಲ್ಲಿ ತಿಂದರೋ. ನಮ್ಮವರೆಂದು ಸುಮ್ಮನಿರುವುದು ನಮ್ಮವರಿಗೆ ಮಾಡುವ ಉಪಕಾರವಲ್ಲ.

ಉಪ್ಪನ ಅಂಗಡಿಯಲ್ಲಿ ಅಕ್ಕಿ ಮೂಟೆಯ ಬಾಯಿ ಯಾವಾಗಲೂ ತೆರೆದಿರುತ್ತಿತ್ತು. ಗಿರಾಕಿ ಕೈ ಹಾಕಿ, ಮುಷ್ಟಿ ತುಂಬ ತೆಗೆದು, ಬೆಳಕಿಗೆ ಹಿಡಿದು ನೋಡಿ ಆಮೇಲೆ ಹೇಳುತ್ತಿದ್ದ, ಎಷ್ಟು ಸೇರು ಎಂದು. ಬ್ಯಾರ ಎಂದರೆ ತುಳುವಿನಲ್ಲಿ ವ್ಯಾಪಾರ. ನಮ್ಮ ಹೆಸರು ಅದರಿಂದಲೇ ಬಂತು ಎನ್ನುವವರಿದ್ದಾರೆ. ಹಾಗಾದರೆ ನಾವು ಕೆಟ್ಟ ವ್ಯಾಪಾರ ಮಾಡಿದಾಗ ಕೆಡುವುದು ಬರೀ ಅಂಗಡಿಯ ಹೆಸರಲ್ಲ.

ತಮ್ಮಾ, ಮೆಷಿನ್ ಯಾವುದಾದರೂ ಪರವಾಗಿಲ್ಲ. ಹಲಗೆ, ಚಾಕು, ಬೆಣ್ಣೆ ಗಿರಾಕಿಗೆ ಕಾಣುವ ಹಾಗೆ ಮುಂದೆ ಇಡು. ಮೊಟ್ಟೆ ಬೇಕೆಂದರೆ ಅವನ ಎದುರೇ ಬೇಯಿಸಿ ಹಾಕು. ನಾಲ್ಕು ಬಗೆ ಸಾಕು. ಉದ್ಘಾಟನೆಯ ದಿನ ನಾನು ಮಗಳನ್ನು ಕರೆದುಕೊಂಡೇ ಬರುತ್ತೇನೆ.