ವ್ಯಾಟಿನ ಮೋಹವೂ ಕೋಣೆಯ ಉಪೇಕ್ಷೆಯೂ

ಚಲನಚಿತ್ರವನ್ನು ಮನೆಯಲ್ಲಿಯೇ ಕುಳಿತು ಚಿತ್ರಮಂದಿರದ ಧ್ವನಿವೈಭವದೊಡನೆ ಸವಿಯಬೇಕೆಂಬ ಬಯಕೆ ಇಂದು ನಗರವಾಸಿಗಳಿಗೆ ಮಾತ್ರ ಮೀಸಲಾಗಿ ಉಳಿದಿಲ್ಲ. ಯಮಕನಮರಡಿ, ಹುಕ್ಕೇರಿ, ಗೋಕಾಕ, ಮೂಡಲಗಿಗಳಂಥ ಊರುಗಳಲ್ಲಿಯೂ ಪಡಸಾಲೆಯ ಟಿ.ವಿ.ಯ ಪಕ್ಕದಲ್ಲಿ ‘ಹೋಮ್ ಥಿಯೇಟರ್’ ಬಂದು ನೆಲೆಸಿದೆ. ಕಬ್ಬಿನ ಬಿಲ್ಲು ಕೈಸೇರಿದಾಗ ಕೊಳ್ಳುವವರುಂಟು. ಕಂತಿನ ಸಾಲ ಮಾಡಿ ಕೊಳ್ಳುವವರೂ ಉಂಟು. ಈ ಬಯಕೆಯನ್ನು ನಾವು ಹಳಿಯುವುದಿಲ್ಲ. ಒಳ್ಳೆಯ ಧ್ವನಿಯನ್ನು ಬಯಸುವುದು ರಸಿಕತೆಯ ಲಕ್ಷಣ. ನಾವು ಆಕ್ಷೇಪಿಸುವುದು ಕೊಳ್ಳುವ ರೀತಿಯನ್ನು. ಪೆಟ್ಟಿಗೆಯ ಮೇಲೆ ಅಚ್ಚಾದ ವ್ಯಾಟಿನ ಅಂಕಿ ಎಷ್ಟು ದೊಡ್ಡದೋ ಯಂತ್ರವೂ ಅಷ್ಟೇ ಶ್ರೇಷ್ಠವೆಂದು ನಂಬಿ ಹಣ ತೆರುವವರು ಬಹಳ. ಆ ಯಂತ್ರ ಹಾಡಬೇಕಾದ ಕೋಣೆಯನ್ನು ಕುರಿತು ಯೋಚಿಸುವವರು ವಿರಳ. ಈ ಎರಡು ದೋಷಗಳನ್ನೂ ತಿದ್ದಲು ಪ್ರೌಢಶಾಲೆಯ ಭೌತಶಾಸ್ತ್ರವೇ ಸಾಕು. ಆದುದರಿಂದ ಈ ಕೆಲಸ ಅಂಗಡಿಯವನದಲ್ಲ, ಮನೆಯ ವಿದ್ಯಾರ್ಥಿಯದು ಎಂಬುದು ನಮ್ಮ ಅಭಿಪ್ರಾಯ.

ಮೊದಲು ಅಂಕಿಯ ವಿಚಾರ. ಅಗ್ಗದ ಕೆಲವು ಪೆಟ್ಟಿಗೆಗಳ ಮೇಲೆ ‘5000 ವ್ಯಾಟ್ ಪಿ.ಎಂ.ಪಿ.ಓ.’ ಎಂಬಂಥ ಬರಹವನ್ನು ಕಾಣುತ್ತೇವೆ. ಪಿ.ಎಂ.ಪಿ.ಓ. ಎಂದರೆ ಯಂತ್ರವು ಕಣ್ಣೆವೆಯಿಕ್ಕುವಷ್ಟರಲ್ಲಿ ಮುಗಿದುಹೋಗುವ ಒಂದು ಕ್ಷಣದಲ್ಲಿ ಹೊಮ್ಮಿಸಬಹುದಾದ ಗರಿಷ್ಠ ಸಾಮರ್ಥ್ಯವೆಂದು ಅರ್ಥ ಹೇಳುತ್ತಾರೆ. ಅದನ್ನು ಅಳೆಯುವುದಕ್ಕೆ ಎಲ್ಲರೂ ಒಪ್ಪಿದ ವಿಧಾನವೇ ಇಲ್ಲ. ಅಳತೆಗೋಲಿಲ್ಲದ ಅಂಕಿಯನ್ನು ವಿಜ್ಞಾನದಲ್ಲಿ ಅಳತೆಯೆಂದು ಕರೆಯುವುದಿಲ್ಲ. 230 ವೋಲ್ಟಿನಲ್ಲಿ 5000 ವ್ಯಾಟ್ ಒದಗಬೇಕಾದರೆ ಸುಮಾರು 22 ಆಂಪಿಯರ್ ವಿದ್ಯುತ್ಪ್ರವಾಹ ಬೇಕು. ಟಿ.ವಿ.ಯ ಪಕ್ಕದ ಸಣ್ಣ ಪ್ಲಗ್ಗು ತಾಳಬಲ್ಲುದು 6 ಆಂಪಿಯರ್ ಮಾತ್ರ. ಆ ಅಂಕಿ ನಿಜವಾಗಿದ್ದರೆ ಮೊದಲ ಹಾಡಿಗೇ ಪ್ಲಗ್ಗು ಸುಟ್ಟುಹೋಗಬೇಕಾಗಿತ್ತು! ಕ್ಷಣಾರ್ಧದ ಹೊಡೆತಕ್ಕೆ ಯಂತ್ರದೊಳಗಿನ ಕೆಪಾಸಿಟರುಗಳ ಸಂಗ್ರಹ ನೆರವಾಗುವುದು ನಿಜ. ಆದರೆ ಕೊಡದಿಂದ ಸುರಿಯುವ ನೀರು ಕೊಡಕ್ಕೆ ತುಂಬಿದುದಕ್ಕಿಂತ ಹೆಚ್ಚಾಗಲಾರದು. ಶಕ್ತಿಸಂರಕ್ಷಣೆಯ ನಿಯಮಕ್ಕೆ ಜಾಹೀರಾತು ಅಪವಾದವಲ್ಲ.

ಈ ಮಾತನ್ನು ನಂಬಬೇಕಾಗಿಲ್ಲ, ಅಳೆದು ನೋಡಬಹುದು. ಹುಕ್ಕೇರಿ ತಾಲೂಕಿನ ಹಳ್ಳಿಗಳಿಗೆ ವಿದ್ಯುತ್ತನ್ನು ಹಂಚಲು 1969ರಲ್ಲಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವೊಂದು ಸ್ಥಾಪಿತವಾದುದನ್ನು ಅಲ್ಲಿಯವರು ಬಲ್ಲರು. ಪೂರೈಕೆ ಯಾರದೇ ಆಗಿರಲಿ, ಮನೆಯ ಗೋಡೆಯ ಮೇಲಿನ ಮೀಟರು ಒಂದು ಪ್ರಯೋಗಶಾಲೆಯ ಉಪಕರಣವೇ ಸರಿ. ಇಂದಿನ ಮೀಟರಿನಲ್ಲಿ ಒಂದು ಕೆಂಪು ದೀಪ ಮಿನುಗುತ್ತಿರುತ್ತದೆ. ಒಂದು ಯೂನಿಟ್ಟಿಗೆ ಎಷ್ಟು ಮಿನುಗು ಎಂಬುದನ್ನು ಮೀಟರಿನ ಮೇಲೆಯೇ ಬರೆದಿರುತ್ತಾರೆ. ಅದು 3200 ಎಂದಿಟ್ಟುಕೊಳ್ಳೋಣ. ಮನೆಯ ಉಳಿದ ಉಪಕರಣಗಳನ್ನೆಲ್ಲ ಆರಿಸಿ, ಹೋಮ್ ಥಿಯೇಟರನ್ನು ಮಾತ್ರ ಹಾಡಲು ಬಿಟ್ಟು, ಒಂದು ನಿಮಿಷದಲ್ಲಿ ದೀಪ ಎಷ್ಟು ಸಲ ಮಿನುಗಿತೆಂದು ಎಣಿಸಿರಿ. ಆ ಸಂಖ್ಯೆಯನ್ನು 18.75ರಿಂದ ಗುಣಿಸಿದರೆ ಯಂತ್ರ ಸೆಳೆಯುವ ವ್ಯಾಟ್ ದೊರೆಯುತ್ತದೆ. ನಾಲ್ಕು ಸಲ ಮಿನುಗಿದರೆ 75 ವ್ಯಾಟ್. 5000 ವ್ಯಾಟ್ ಆಗಬೇಕಾದರೆ ನಿಮಿಷಕ್ಕೆ 267 ಸಲ ಮಿನುಗಬೇಕು! ಸೆಳೆದ ಶಕ್ತಿಯಲ್ಲಿಯೂ ಒಂದು ಪಾಲು ಯಂತ್ರವನ್ನು ಬಿಸಿ ಮಾಡುವುದರಲ್ಲಿ ವ್ಯಯವಾಗುವುದರಿಂದ ಸ್ಪೀಕರನ್ನು ಮುಟ್ಟುವುದು ಇನ್ನೂ ಕಡಿಮೆ.

ಹಾಗಾದರೆ ಅಂಗಡಿಯಲ್ಲಿ ಕೇಳಬೇಕಾದುದೇನು? ರಿಸೀವರು ನಿರಂತರವಾಗಿ ಕೊಡಬಲ್ಲ ಸಾಮರ್ಥ್ಯವೆಷ್ಟು ಎಂದು ಕೇಳಬೇಕು. ಇದನ್ನು ‘ಆರ್.ಎಂ.ಎಸ್.’ ಎಂದು ನಮೂದಿಸುತ್ತಾರೆ. ಅದು ಎಷ್ಟು ಓಮ್ ರೋಧಕ್ಕೆ, ಎಷ್ಟು ಸ್ಪೀಕರುಗಳು ಒಟ್ಟಿಗೆ ನುಡಿಯುವಾಗ, ಶೇಕಡಾ ಎಷ್ಟು ವಿಕೃತಿಯೊಡನೆ ಎಂಬುದನ್ನೂ ಕೇಳಬೇಕು. 8 ಓಮಿಗಾಗಿ ರಚಿತವಾದ ರಿಸೀವರಿಗೆ 4 ಓಮಿನ ಸ್ಪೀಕರನ್ನು ಜೋಡಿಸಿದರೆ ಪ್ರವಾಹ ಇಮ್ಮಡಿಯಾಗಿ ಯಂತ್ರ ಕಾಯುತ್ತದೆ. ಇನ್ನು ಸ್ಪೀಕರಿನ ಸಂವೇದನೆಯ ಅಂಕಿ: ಒಂದು ವ್ಯಾಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಕೇಳಿಸುವುದೆಂಬ ಅಳತೆ ಅದು. ವ್ಯಾಟನ್ನು ಇಮ್ಮಡಿ ಮಾಡಿದರೆ ಧ್ವನಿಯ ಮಟ್ಟ ಏರುವುದು 3 ಡೆಸಿಬೆಲ್ ಮಾತ್ರ. ಆದುದರಿಂದ 87 ಡೆಸಿಬೆಲಿನ ಸ್ಪೀಕರಿನ ಬದಲು 90 ಡೆಸಿಬೆಲಿನದನ್ನು ಆರಿಸುವುದು ರಿಸೀವರಿನ ವ್ಯಾಟನ್ನು ಇಮ್ಮಡಿ ಮಾಡಿದುದಕ್ಕೆ ಸಮ. ಆ 87 ಡೆಸಿಬೆಲಿನ ಸ್ಪೀಕರೇ ಆದರೂ, ಕೋಣೆಯ ನೆರವನ್ನು ಲೆಕ್ಕಕ್ಕೆ ಹಿಡಿಯದಿದ್ದರೂ, 16 ವ್ಯಾಟಿನಲ್ಲಿ ಮೂರು ಮೀಟರ್ ದೂರದ ಕೇಳುಗನಿಗೆ ಸುಮಾರು 89 ಡೆಸಿಬೆಲ್ ಮುಟ್ಟಿಸಬಲ್ಲುದು. ಮನೆಯ ಪಡಸಾಲೆಗೆ ಇದು ಸಾಕು. ಎಷ್ಟೋ ವೇಳೆ ಹೆಚ್ಚೇ ಸರಿ.

ಈಗ ಕೋಣೆಯ ವಿಚಾರಕ್ಕೆ ಬರೋಣ. ಸ್ಪೀಕರಿನಿಂದ ಹೊರಟ ಧ್ವನಿ ನೇರವಾಗಿ ಕಿವಿಗೆ ಬರುವುದಲ್ಲದೆ ಗೋಡೆ, ನೆಲ, ಮಾಳಿಗೆಗಳಿಗೆ ಬಡಿದು ಮರಳಿಮರಳಿ ಬರುತ್ತದೆ. ಇದೇ ಅನುರಣನ. ವಿಜಯಪುರದ ಗೋಳಗುಮ್ಮಟಕ್ಕೆ ಪ್ರವಾಸ ಹೋದ ವಿದ್ಯಾರ್ಥಿಗಳು ಇದರ ವಿಶ್ವರೂಪವನ್ನೇ ಕಂಡಿರುತ್ತಾರೆ. ಅಂಥ ಪಿಸುಮಾತಿನ ಗುಮ್ಮಟಗಳನ್ನು ಸಿ. ವಿ. ರಾಮನ್‌ರು 1920ರ ದಶಕದ ಆರಂಭದಲ್ಲಿ ಅಭ್ಯಸಿಸಿದ್ದರು. ಗುಮ್ಮಟದಲ್ಲಿ ಮೆಚ್ಚುಗೆಯಾಗುವ ಗುಣ ಪಡಸಾಲೆಯಲ್ಲಿ ದೋಷವಾಗುತ್ತದೆ. ಒಂದು ಮಾತು ಕಿವಿಯಲ್ಲಿ ಅಡಗುವ ಮುನ್ನವೇ ಇನ್ನೊಂದು ಬಂದು ಅದರ ಮೇಲೆ ಬೀಳುತ್ತದೆ. ಮಾತು ತಿಳಿಯದಾದಾಗ ಜನ ಸದ್ದನ್ನು ಏರಿಸುತ್ತಾರೆ. ಸದ್ದಿನೊಡನೆ ಅನುರಣನವೂ ಏರುತ್ತದೆಯೇ ಹೊರತು ಸ್ಪಷ್ಟತೆ ಏರುವುದಿಲ್ಲ.

ಇದಕ್ಕೆ ಲೆಕ್ಕ ಹಾಕಿಕೊಟ್ಟವನು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ವ್ಯಾಲೇಸ್ ಸೇಬಿನ್. 1895ರಲ್ಲಿ ಅಲ್ಲಿನ ಫಾಗ್ ವಸ್ತುಸಂಗ್ರಹಾಲಯದ ಉಪನ್ಯಾಸಮಂದಿರದಲ್ಲಿ ಮಾತೇ ಅರ್ಥವಾಗದೆ ಹೋದಾಗ, ರಂಗಮಂದಿರವೊಂದರ ಮೆತ್ತೆಗಳನ್ನು ರಾತ್ರಿ ಹೊತ್ತು ತರಿಸಿ ಹಾಸಿ, ಧ್ವನಿ ಅಡಗಲು ಹಿಡಿಯುವ ಕಾಲವನ್ನು ಆತ ಅಳೆದ. ಅವನ ಸೂತ್ರ ಸರಳವಾದುದು: ಕೋಣೆಯ ಘನ ಅಳತೆಯನ್ನು 0.161ರಿಂದ ಗುಣಿಸಿ, ಅದರೊಳಗಿನ ಒಟ್ಟು ಹೀರಿಕೆಯಿಂದ ಭಾಗಿಸಬೇಕು. 5 ಮೀಟರ್ ಉದ್ದ, 4 ಮೀಟರ್ ಅಗಲ, 3 ಮೀಟರ್ ಎತ್ತರದ ಕೋಣೆಯನ್ನು ತೆಗೆದುಕೊಳ್ಳೋಣ. ಘನ ಅಳತೆ 60. ಒಳಮೈ 94 ಚದರ ಮೀಟರ್. ನುಣುಪಾದ ಗಿಲಾವು, ಕಾಂಕ್ರೀಟಿನ ಮಾಳಿಗೆ, ಹೊಳೆಯುವ ಟೈಲ್ಸ್ ತಮ್ಮ ಮೇಲೆ ಬಿದ್ದ ಧ್ವನಿಯಲ್ಲಿ ನೂರಕ್ಕೆ ಮೂರು ಪಾಲನ್ನು ಹೀರುವುವೆಂದು ಹಿಡಿದರೆ, ಬರಿದಾದ ಆ ಕೋಣೆಯಲ್ಲಿ ಧ್ವನಿ ಅಡಗಲು 3 ಸೆಕೆಂಡಿಗೂ ಮಿಕ್ಕಿ ಹಿಡಿಯುತ್ತದೆ. ಹೀರಿಕೆಯನ್ನು 20ಕ್ಕೆ ಏರಿಸಿದರೆ ಅದೇ ಕೋಣೆಯಲ್ಲಿ ಅರ್ಧ ಸೆಕೆಂಡು ಸಾಕು.

ಹೀರಿಕೆಯನ್ನು ಪೇಟೆಯಿಂದ ಕೊಂಡು ತರಬೇಕೆ? ಬೇಡ. ಉತ್ತರ ಕರ್ನಾಟಕದ ಮನೆಗಳಲ್ಲಿ ಹಳೆಯ ಸೀರೆಗಳನ್ನು ಪದರಪದರವಾಗಿ ಹೊಲಿದ ಕೌದಿ ಉಂಟು, ಉಣ್ಣೆಯ ಕಂಬಳಿ ಉಂಟು. ನೆಲಕ್ಕೊಂದು ಜಮಖಾನೆ, ಸ್ಪೀಕರಿನ ಎದುರು ಗೋಡೆಗೆ ಮಡಿಕೆ ಬಿಟ್ಟು ತೂಗಿಸಿದ ಕೌದಿ, ಪುಸ್ತಕ ತುಂಬಿದ ಕಪಾಟು, ಕುಳಿತ ಮನುಷ್ಯರು, ಇವೆಲ್ಲವೂ ಧ್ವನಿಯನ್ನು ಹೀರುವ ಸಾಧನಗಳೇ. ತೆರೆದ ಕಿಟಕಿ ತನ್ನ ಮೇಲೆ ಬಿದ್ದುದನ್ನೆಲ್ಲ ನುಂಗಿಬಿಡುತ್ತದೆ. ಆದರೆ ಕೌದಿಗೂ ಮಿತಿಯುಂಟು. ಅದು ಹೀರುವುದು ಮೇಲಿನ ಸ್ವರಗಳನ್ನು. ಸೆಕೆಂಡಿಗೆ 50 ಕಂಪನಗಳ ಮಂದ್ರಧ್ವನಿಯ ತರಂಗದ ಉದ್ದ ಸುಮಾರು 7 ಮೀಟರ್. ಬೆರಳು ದಪ್ಪದ ಬಟ್ಟೆ ಅದನ್ನೇನು ಮಾಡೀತು? ಇಂಥ ಧ್ವನಿ ಗೋಡೆಗೋಡೆಗಳ ನಡುವೆ ಸ್ಥಿರತರಂಗವಾಗಿ ನಿಲ್ಲುತ್ತದೆ. ಕೋಣೆಯ ಒಂದೆಡೆ ಗುಡುಗಿದರೆ ಇನ್ನೊಂದೆಡೆ ಮಾಯವಾಗುತ್ತದೆ. ಇದಕ್ಕೆ ಮದ್ದು ಸಬ್‌ವೂಫರಿನ ಸ್ಥಾನವನ್ನು ಬದಲಿಸುವುದು. ನೀವು ಕುಳಿತುಕೊಳ್ಳುವ ಜಾಗದಲ್ಲಿ ಅದನ್ನಿಟ್ಟು ಹಾಡಿಸಿ, ನೆಲದ ಮಟ್ಟದಲ್ಲಿ ಕಿವಿಯಿಟ್ಟುಕೊಂಡು ಗೋಡೆಯ ಗುಂಟ ಸುತ್ತಿರಿ. ಎಲ್ಲಿ ಮಂದ್ರಸ್ವರ ಸಮನಾಗಿ ಕೇಳಿಸುವುದೋ ಅದೇ ಸಬ್‌ವೂಫರನ್ನು ಇಡಬೇಕಾದ ಜಾಗ.

ಉಳಿದ ಜೋಡಣೆಗೆ ಬೇಕಾದುದು ಒಂದು ಟೇಪು, ಒಂದು ಕೋನಮಾಪಕ. ಎಡಬಲದ ಮುಂದಿನ ಸ್ಪೀಕರುಗಳು ಕೇಳುಗನ ನೇರದಿಂದ 30 ಅಂಶ ಆಚೀಚೆ, ನಡುವಿನದು ಟಿ.ವಿ.ಯ ಕೆಳಗೆ, ಸುತ್ತಿನವು 100ರಿಂದ 120 ಅಂಶಗಳಲ್ಲಿ, ತುಸು ಹಿಂದಕ್ಕೆ. ತಂತಿಯ ಧನ-ಋಣ ತುದಿಗಳು ಅದಲುಬದಲಾಗಬಾರದು. ಒಂದು ಸ್ಪೀಕರು ತಳ್ಳುವಾಗ ಇನ್ನೊಂದು ಸೆಳೆದರೆ ಮಂದ್ರಸ್ವರಗಳು ಒಂದನ್ನೊಂದು ಅಳಿಸುತ್ತವೆ. ಧ್ವನಿಗೆ ಒಂದು ಮೀಟರ್ ಸಾಗಲು ಸೆಕೆಂಡಿನ ಸಾವಿರದ ಸುಮಾರು ಮೂರು ಪಾಲು ಬೇಕು. ಆದುದರಿಂದ ಪ್ರತಿಯೊಂದು ಸ್ಪೀಕರಿನ ದೂರವನ್ನು ಅಳೆದು ರಿಸೀವರಿಗೆ ತಿಳಿಸಿದರೆ, ಹತ್ತಿರದವುಗಳ ಧ್ವನಿಯನ್ನು ಅದು ಅಷ್ಟು ತಡಮಾಡಿ ಕಳಿಸುತ್ತದೆ. ಬಳಿಕ ರಿಸೀವರಿನ ಪರೀಕ್ಷಾಧ್ವನಿಯನ್ನು ಒಂದೊಂದರಲ್ಲಿಯೂ ನುಡಿಸಿ ಮಟ್ಟಗಳನ್ನು ಸಮನಾಗಿಸಬೇಕು. ಮೊಬೈಲಿನ ಡೆಸಿಬೆಲ್ ಮಾಪಕ ಅಷ್ಟೊಂದು ನಿಖರವಲ್ಲದಿದ್ದರೂ ಹೋಲಿಕೆಗೆ ಸಾಲುತ್ತದೆ. ರಿಸೀವರಿನೊಡನೆ ಬರುವ ಮೈಕ್ರೋಫೋನು ಈ ಕೆಲಸವನ್ನು ತಾನೇ ಮಾಡಬಲ್ಲುದು; ಅದನ್ನು ಕಿವಿಯ ಎತ್ತರಕ್ಕಿಟ್ಟು, ಪಂಖ ಆರಿಸಿ, ಬೀದಿ ಮಲಗಿದ ಮೇಲೆ ಅಳೆಯಬೇಕು.

ಕೊನೆಯ ಪರೀಕ್ಷೆ ಗುಂಡಿನ ಸದ್ದಲ್ಲ, ಮನುಷ್ಯನ ದನಿ. ಕೌಜಲಗಿ ನಿಂಗಮ್ಮನಂಥ ಕಲಾವಿದೆಯರು ಹೆಸರು ತಂದ ಶ್ರೀಕೃಷ್ಣ ಪಾರಿಜಾತ ಈ ಸೀಮೆಯ ಆಸ್ತಿ. ಅದರ ಪ್ರೇಕ್ಷಕರಿಗೆ ಪದದ ಒಂದೊಂದು ಅಕ್ಷರವೂ ಬೇಕು. ಪರಿಚಿತವಾದ ಒಂದು ದನಿಯ ಮಾತನ್ನು ಸಣ್ಣ ಸದ್ದಿನಲ್ಲಿ ಹಚ್ಚಿ ಕೇಳಿರಿ. ಅಕ್ಷರ ಅಕ್ಷರವೂ ತಿಳಿದರೆ ನಿಮ್ಮ ಜೋಡಣೆ ಗೆದ್ದಿತು.

ಸಣ್ಣ ಸದ್ದು ಎಂದುದಕ್ಕೆ ಕಾರಣವುಂಟು. ವಾರಕ್ಕೆ 40 ಗಂಟೆ 80 ಡೆಸಿಬೆಲ್, ಅದಕ್ಕಿಂತ ಹೆಚ್ಚು ಬೇಡವೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ; ಮೇಲಿನ ಪ್ರತಿ 3 ಡೆಸಿಬೆಲಿಗೂ ಆ ಅವಧಿ ಅರ್ಧವಾಗುತ್ತದೆ. ಒಳಕಿವಿಯ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ನಮ್ಮ ದೇಶದ 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲಿನ ಮಿತಿ ಹಾಕಿವೆ. ಎರಡು ಮನೆಗೆ ಒಂದೇ ಗೋಡೆಯಿರುವ ಓಣಿಯಲ್ಲಿ ಮಂದ್ರಧ್ವನಿ ಗೋಡೆ ದಾಟಿ ಎಸ್.ಎಸ್.ಎಲ್.ಸಿ.ಗೆ ಓದುವ ನೆರೆಮನೆಯ ಹುಡುಗಿಯ ನಿದ್ದೆಯನ್ನೂ ಓದನ್ನೂ ಕೆಡಿಸುತ್ತದೆ. ನಮ್ಮ ಸುಖಕ್ಕೆ ಆಕೆ ಬೆಲೆ ತೆರಬೇಕಾದುದಿಲ್ಲ.

ವಿದ್ಯಾರ್ಥಿಮಿತ್ರರೆ, ಹಿರಿಯರು ಅಂಗಡಿಗೆ ಹೊರಟಾಗ ನೀವೂ ಜೊತೆಗೆ ಹೊರಡಿರಿ. ಪೆಟ್ಟಿಗೆಯ ಮುಂಬದಿಯ ದೊಡ್ಡ ಅಂಕಿಯನ್ನು ಬಿಟ್ಟು ಯಂತ್ರದ ಬೆನ್ನಿನ ಸಣ್ಣ ಅಕ್ಷರಗಳನ್ನು ಓದಿರಿ. ಉಳಿದ ಹಣದಲ್ಲಿ ಎರಡು ಒಳ್ಳೆಯ ಸ್ಪೀಕರುಗಳನ್ನು ಕೊಳ್ಳಲು ಸಲಹೆ ಕೊಡಿರಿ. ಐದು ಕೆಟ್ಟವುಗಳಿಗಿಂತ ಎರಡು ಒಳ್ಳೆಯವು ಲೇಸು. ಪಠ್ಯದಲ್ಲಿ ಕಲಿತ ಓಮನ ನಿಯಮವೂ ಸ್ಥಿರತರಂಗವೂ ಪರೀಕ್ಷೆಯ ಹಾಳೆಯಲ್ಲಿ ಮುಗಿದುಹೋದರೆ ಅವುಗಳಿಂದ ಬಂದ ಲಾಭವೇನು? ಮನೆಯವರು ಬೆವರಿಳಿಸಿ ಗಳಿಸಿದ ಹಣವನ್ನು ಸುಳ್ಳು ಅಂಕಿಯ ಪಾಲಾಗದಂತೆ ಉಳಿಸಿದ ದಿನ ಆ ವಿದ್ಯೆ ನಿಮ್ಮದಾಗುತ್ತದೆ.