ಟ್ರ್ಯಾಕ್ ಬಿಡಿ, ಬಿಂದಿಗೆ ಹಿಡಿ!

ನವೆಂಬರ್ ಬಂತು ಅಂದ್ರೆ ಮುಗೀತು! ಒಂದನೇ ತಾರೀಕು ರಾಜ್ಯೋತ್ಸವ, 14ಕ್ಕೆ ಮಕ್ಕಳ ದಿನಾಚರಣೆ, ಅದರ ಬೆನ್ನಿಗೇ ಸ್ಕೂಲ್ ಡೇ. ಪೆಂಡಾಲ್ ಯಾರದ್ದೇ ಇರಲಿ, ಮಕ್ಕಳ ಐಟಂ ಅಂದರೆ ಚಿತ್ರಗೀತೆ. ಅದರ ಬಗ್ಗೆ ನಮ್ಮ ತಕರಾರೇನೂ ಇಲ್ಲ. ಚಿತ್ರಗೀತೆ ಬೇಡ ಅಂತ ನಾವೇ ಬರೆದರೆ ಈ ಪುಟದ ಗತಿಯೇನು ಸ್ವಾಮಿ?

ತಕರಾರು ಇರೋದು ಆ ಪೆನ್‌ಡ್ರೈವ್ ಮೇಲೆ. ದನಿ ದೊಡ್ಡ ಗಾಯಕರದ್ದು, ವಾದ್ಯ ಕಂಪ್ಯೂಟರಿನದ್ದು, ತಾಳ ಮೆಷಿನ್ನಿನದ್ದು. ನಮ್ಮ ಮಕ್ಕಳ ಪಾಲಿಗೆ ಉಳಿಯೋದು ಲಿಪ್‌ಸ್ಟಿಕ್ ಬಳಿದ ತುಟಿ ಆಡಿಸುವ ಕೆಲಸ ಮಾತ್ರ. ನಡುವೆ ಕರೆಂಟ್ ಹೋಯಿತೋ, ಎತ್ತಿದ ಕೈ ಎತ್ತಿದಂತೆಯೇ ನಿಂತು ಅಮ್ಮನನ್ನು ಹುಡುಕುವ ಇಪ್ಪತ್ತು ಜೊತೆ ಕಣ್ಣು! ನೀವೂ ನೋಡಿರ್ತೀರಿ.

“ಹಾಡಲಿ ಅಂತಲೇ ಕರೋಕೆ ಹಾಕಿ ಕೊಟ್ವಿ. ಮಗು ಒಂದೋ ಕಿರುಚುತ್ತೆ, ಇಲ್ಲಾ ಗೊಣಗುತ್ತೆ” ಅಂತೀರಾ? ತಪ್ಪು ಮಗುವಿನದ್ದಲ್ಲ ತಾಯೀ, ಶ್ರುತಿಯದ್ದು. ಹಾರ್ಮೋನಿಯಂ ಲೆಕ್ಕದಲ್ಲಿ ಗಂಡಸರ ಶ್ರುತಿ ಸಾಮಾನ್ಯವಾಗಿ ಒಂದು ಮನೆಯ ಆಸುಪಾಸು, ಹೆಂಗಸರದ್ದು ಐದು ಮನೆಯ ಆಸುಪಾಸು. ದನಿ ಒಡೆಯದ ಗಂಡುಮಗುವಿನ ಶ್ರುತಿಯೂ ಹೆಂಗಸರ ಶ್ರುತಿಗೇ ಹತ್ತಿರ. ಗಂಡಸಿನ ಹಾಡಿನ ಟ್ರ್ಯಾಕ್ ಕೊಟ್ಟರೆ ಮಗು ಏನು ಮಾಡಬೇಕು? ಅದೇ ಮಟ್ಟದಲ್ಲಿ ಹಾಡಿದರೆ ಪಲ್ಲವಿ ಪಾತಾಳಕ್ಕೆ ಇಳಿಯುತ್ತೆ, ಒಂದು ಸ್ಥಾಯಿ ಮೇಲೆ ಹಿಡಿದರೆ ಚರಣ ಅಟ್ಟ ಹತ್ತುತ್ತೆ. ಮೊಬೈಲಿನಲ್ಲಿ ಟ್ರ್ಯಾಕಿನ ಶ್ರುತಿ ಏರಿಸಬಹುದು, ಇಳಿಸಬಹುದು, ಒಪ್ಪಿದೆ. ಆದರೆ ಎಂಟು ವರ್ಷದ ಮಗು ಉಸಿರು ತೆಗೆದುಕೊಳ್ಳೋಕೆ ಅರೆಕ್ಷಣ ನಿಂತರೆ ಟ್ರ್ಯಾಕ್ ಕಾಯುತ್ತಾ?

ಕಂಪನಿ ನಾಟಕದ ಕಾಲದಲ್ಲಿ ಕಾಯುತ್ತಿದ್ದರು. ಹಾರ್ಮೋನಿಯಂ ಮೇಷ್ಟ್ರು ನಟನ ಗಂಟಲು ನೋಡಿ ಮನೆ ಹಿಡಿಯೋರು, ನಟ ಒಂದು ಸಂಗತಿ ಹೆಚ್ಚಿಗೆ ಎಳೆದರೆ ತಬಲಾದವನೂ ಜೊತೆಗೇ ಹೋಗೋನು. ಗುಬ್ಬಿ ಕಂಪನಿಯ ಅಂಥ ರಂಗದಲ್ಲಿ ಪಳಗಿದ ಅಣ್ಣಾವ್ರು 1974ರ ‘ಸಂಪತ್ತಿಗೆ ಸವಾಲ್’ ಚಿತ್ರಕ್ಕೆ ಹಾಡಿದಾಗ ನಾಡೇ ಕಿವಿ ನೆಟ್ಟಗೆ ಮಾಡಿಕೊಂಡಿತಲ್ಲ! ಹಾಡು ಹಾಡುವವನ ಹಿಂದೆ ಬರಬೇಕು. ಅದು ಮನೆಯಲ್ಲೇ ಆಗಬೇಕಾದರೆ ಅಡಿಗೆಮನೆಗೆ ನುಗ್ಗಿ. ಬಿಂದಿಗೆಗೆ ಶ್ರುತಿಯ ಹಂಗಿಲ್ಲ. ಮಗು ಯಾವ ಮನೆಯಲ್ಲಿ ಹಾಡಿದರೂ ಅದರ ‘ಧುಂ’ ಹೊಂದುತ್ತೆ.

ತಮಾಷೆ ಅನ್ನಬೇಡಿ. ಆರ್.ಡಿ. ಬರ್ಮನ್ ಮಾಡಿದ್ದೂ ಇದನ್ನೇ. 1973ರ ‘ಯಾದೋಂ ಕಿ ಬಾರಾತ್’ನಲ್ಲಿ ಆಶಾ-ರಫಿ ಯುಗಳಗೀತೆ ಶುರುವಾಗುವಾಗ ‘ಟಿಂಗ್’ ಅನ್ನೋದು ಗಾಜಿನ ಲೋಟಕ್ಕೆ ತಾಗಿಸಿದ ಚಮಚ. 1975ರ ‘ಶೋಲೆ’ಯಲ್ಲಿ ಅವರೇ ಹಾಡಿದ ಹಾಡಿಗೆ ಖಾಲಿ ಬಾಟಲಿ ಊದಿಸಿದ್ದರು. 1968ರ ‘ಪಡೋಸನ್’ನ ಕಿಟಕಿ ಹಾಡಿನಲ್ಲಿ ಕರಕರ ಅನ್ನೋದು ಬಾಚಣಿಗೆ! ಅವರ ಸ್ಟುಡಿಯೋದಲ್ಲಿ ನಡೆದದ್ದು ನಿಮ್ಮ ಹಜಾರದಲ್ಲಿ ನಡೆಯಲ್ವೆ?

ಮೊದಲು ಬಿಂದಿಗೆ. ಪ್ಲಾಸ್ಟಿಕ್ಕಿನದ್ದೇ ಆಗಬಹುದು, ಖಾಲಿ ಇರಬೇಕು. ಬಾಯಿಯ ಮೇಲೆ ಅಂಗೈ ಚಪ್ಪಟೆಯಾಗಿ ಬಡಿದರೆ ‘ಧುಂ’. ಇನ್ನೂ ಗಟ್ಟಿ ಬೇಕಾ? ಹಳೇ ಹವಾಯಿ ಚಪ್ಪಲಿಯ ಅಟ್ಟೆಯಿಂದ ಬಡಿಯಿರಿ, ಒಳಗಿನ ಗಾಳಿಯೇ ಗುಡುಗುತ್ತೆ. (ಚಪ್ಪಲಿಯನ್ನು ಮೂರು ಸಲ ಸೋಪು ಹಾಕಿ ತೊಳೆಯಿರಿ, ಆ ಬಿಂದಿಗೆಯನ್ನು ಮತ್ತೆ ನೀರಿಗೆ ಇಡಬೇಡಿ. ಅಜ್ಜಿಯ ಬೈಗುಳಕ್ಕೆ ಈ ಪತ್ರಿಕೆ ಜವಾಬ್ದಾರಿಯಲ್ಲ!) ಇನ್ನೊಂದು ಕೈಯ ಬೆರಳಿನಿಂದ ಹೊಟ್ಟೆಯ ಮೇಲೆ ತಟ್ಟಿದರೆ ‘ಟಕ್’. ಧುಂ ಮತ್ತು ಟಕ್, ಎರಡೇ ಅಕ್ಷರ. ಇಷ್ಟರಲ್ಲೇ ಅರ್ಧ ಆರ್ಕೆಸ್ಟ್ರಾ ಆಯಿತು. ಸಂತೆಯಿಂದ ತಂದ ಮಣ್ಣಿನ ಮಡಕೆ ಮಾತ್ರ ಬೇಡ. ಘಟ ಬೇರೆ, ಮಡಕೆ ಬೇರೆ. ಬಾರಿಸಲೆಂದೇ ದಪ್ಪ ಮೈಯಿಟ್ಟು ಸುಟ್ಟದ್ದು ಘಟ. ಬೆಂಗಳೂರಿನ ಸುಕನ್ಯಾ ರಾಮಗೋಪಾಲ್ ಅವರು ಬೇರೆ ಬೇರೆ ಶ್ರುತಿಯ ಘಟಗಳನ್ನು ಸಾಲಾಗಿಟ್ಟು ‘ಘಟತರಂಗ’ ನುಡಿಸ್ತಾರೆ. ಅವಕಾಶ ಸಿಕ್ಕರೆ ಮಕ್ಕಳಿಗೆ ತೋರಿಸಿ, ಮಣ್ಣಿನ ಪಾತ್ರೆಗೆ ಎಷ್ಟು ಮಾತು ಬರುತ್ತೆ ಅಂತ ಗೊತ್ತಾಗುತ್ತೆ.

ಆಮೇಲೆ ಗಿಲಕಿ. ಪೌಡರ್ ಡಬ್ಬಿಯೊಳಗೆ ಕಾಲು ಭಾಗ ರಾಗಿ ಹಾಕಿದರೆ ರೇಷ್ಮೆ ಸೀರೆ ಸರಿದಂತೆ ಮೆತ್ತಗೆ, ಅಕ್ಕಿ ಹಾಕಿದರೆ ಚುರುಕಾಗಿ, ಒಣ ಅವರೆಕಾಳು ಹಾಕಿದರೆ ಊರಿಗೇ ಕೇಳುವಂತೆ. ಮುಚ್ಚಳಕ್ಕೆ ಟೇಪು ಸುತ್ತಿಬಿಡಿ, ಕಾಳು ಚಿಕ್ಕವರ ಮೂಗಿಗೆ, ಬಾಯಿಗೆ ಹೋಗಬಾರದು. ಮೊರ ಬೋರಲು ಹಾಕಿ ಕಡ್ಡಿಪೊರಕೆಯ ನಾಲ್ಕು ಕಡ್ಡಿ ಎಳೆದರೆ ಡ್ರಮ್ಮಿನ ಬ್ರಷ್ ಸದ್ದು. ಎರಡು ತೆಂಗಿನ ಕರಟ ಒಂದಕ್ಕೊಂದು ತಟ್ಟಿದರೆ ಕುದುರೆ ಓಟ. ಸಿನಿಮಾದ ಎಷ್ಟೋ ಕುದುರೆಗಳು ಓಡಿದ್ದು ಕರಟದ ಮೇಲೇ! ಬಾಚಣಿಗೆಗೆ ತೆಳು ಕಾಗದ ಸುತ್ತಿ ತುಟಿಗಿಟ್ಟು ಊದಬೇಡಿ, ‘ಊಂ’ ಅಂತ ಗುನುಗಿ. ಪೀಪಿ ರೆಡಿ.

ಸ್ವರ ಬೇಕೇ ಬೇಕು ಅಂದರೆ ಪಿಂಗಾಣಿ ಬಟ್ಟಲು. ಇದು ಸ್ವಲ್ಪ ತಾಳ್ಮೆ ಕೇಳುತ್ತೆ. ಐದು ಬಟ್ಟಲು ಸಾಕು, ಮೋಹನ ರಾಗದ ಸ ರಿ ಗ ಪ ದ. ದೊಡ್ಡದು ಕೆಳಸ್ವರಕ್ಕೆ, ಚಿಕ್ಕದು ಮೇಲಿನದ್ದಕ್ಕೆ. ಕೆಳಗೆ ಟವೆಲ್ ಹಾಸಿ, ಮರದ ಕಡ್ಡಿಯಿಂದ ಅಂಚಿಗೆ ಮೆಲ್ಲಗೆ ತಟ್ಟಿ. ನೀರು ಹಾಕಿದಷ್ಟೂ ಸ್ವರ ಇಳಿಯುತ್ತೆ. ಬಾಟಲಿ ಊದುವಾಗ ಇದೇ ಉಲ್ಟಾ, ನೀರು ಹೆಚ್ಚಿದಷ್ಟೂ ಸ್ವರ ಏರುತ್ತೆ! ಯಾಕೆ ಅಂತ ಮಕ್ಕಳು ಕೇಳ್ತಾರೆ, ಉತ್ತರ ಇಟ್ಟುಕೊಂಡಿರಿ. ತಟ್ಟಿದಾಗ ನಡುಗೋದು ಬಟ್ಟಲು, ನೀರು ಅದಕ್ಕೆ ಭಾರ. ಊದಿದಾಗ ನಡುಗೋದು ಒಳಗಿನ ಗಾಳಿ, ನೀರು ಬಂದರೆ ಗಾಳಿಗೆ ಜಾಗ ಕಮ್ಮಿ. ಮೊದಲು ಮಗುವಿನ ಷಡ್ಜ ಹಿಡಿದು, ಅದಕ್ಕೆ ಬಟ್ಟಲು ಹೊಂದಿಸಿ. ಬಟ್ಟಲಿಗೆ ಮಗುವನ್ನು ಹೊಂದಿಸಹೊರಟರೆ ಮತ್ತೆ ಕರೋಕೆ ಕಥೆಯೇ ಆಯಿತು.

ಹಾಡು ಯಾವುದು? ಮೊದಲ ಸಲಕ್ಕೆ ಮಗುವೇ ಹಾಡಿದ ಹಾಡು ಹುಡುಕಿ. ಬಾಲಕ ಪುನೀತ್ 1981ರ ‘ಭಾಗ್ಯವಂತ’, 1982ರ ‘ಚಲಿಸುವ ಮೋಡಗಳು’, 1985ರ ‘ಬೆಟ್ಟದ ಹೂವು’ ಚಿತ್ರಗಳಲ್ಲಿ ತನ್ನ ದನಿಯಲ್ಲೇ ಹಾಡಿದ್ದಾನೆ. ಅವು ಮಕ್ಕಳ ಗಂಟಲಿಗೆ ಕಟ್ಟಿದ ಹಾಡುಗಳು. (ಅಪ್ಪುವನ್ನು ಏಕವಚನದಲ್ಲಿ ಬರೆದಿದ್ದಕ್ಕೆ ಸಿಟ್ಟಾಗಬೇಡಿ, ನಮ್ಮ ಕಣ್ಣ ಮುಂದಿರೋದು ಆ ಪುಟ್ಟ ಹುಡುಗ.) ಬೇರೆ ಹಾಡೇ ಬೇಕಾದರೆ ಮಗುವಿಗೆ ಸುಮ್ಮನೆ ಹಾಡು ಅನ್ನಿ, ವಾದ್ಯ ಗೀದ್ಯ ಏನೂ ಬೇಡ. ತಾನಾಗಿ ಶುರು ಮಾಡಿದ ಶ್ರುತಿಯಲ್ಲಿ ಚರಣದ ತುದಿ ಸಲೀಸಾಗಿ ಮುಟ್ಟಿದರೆ ಅದೇ ಸರಿ.

ತಾಳಕ್ಕೆ ಪುಸ್ತಕ ಬೇಡ. ಹಾಡು ಹೇಳ್ತಾ ಹಜಾರದಲ್ಲಿ ನಡೆಸಿ. ಹೆಜ್ಜೆಗೆ ‘ತಕಧಿಮಿ’ ಕೂತರೆ ನಾಲ್ಕರ ಲೆಕ್ಕ, ‘ಧುಂ, ಟಕ್, ಧುಂಧುಂ, ಟಕ್’. ‘ತಕಿಟ’ ಕೂತರೆ ಮೂರರದ್ದು, ‘ಧುಂ, ಟಕ್, ಟಕ್’. ನಮ್ಮ ಚಿತ್ರಗೀತೆಗಳಲ್ಲಿ ಬಹುಪಾಲು ಈ ಎರಡರಲ್ಲಿ ಒಂದಕ್ಕೆ ಸಿಕ್ಕಿಬಿಡ್ತವೆ.

ಎಲ್ಲರೂ ಎಲ್ಲ ಹೊತ್ತೂ ಬಾರಿಸಿದರೆ ಅದು ಪಾತ್ರೆ ಅಂಗಡಿ! ಪಲ್ಲವಿಗೆ ಬಿಂದಿಗೆ, ಗಿಲಕಿ. ನಡುವಿನ ಬಿಟ್‌ಗೆ ಬಟ್ಟಲು, ಪೀಪಿ. ಚರಣ ಶುರುವಾಗುವಾಗ ಬಿಂದಿಗೆ ಒಂದೇ, ಎರಡನೇ ಸಾಲಿಗೆ ಗಿಲಕಿ ಸೇರಲಿ. ಒಂದು ಚರಣ ಹಾಡಿ ಪಲ್ಲವಿಗೆ ಬಂದು ನಿಲ್ಲಿಸಿ. ದಿನಕ್ಕೆ ಇಪ್ಪತ್ತು ನಿಮಿಷದಂತೆ ಹತ್ತು ದಿನ ಸಾಕು.

ಇನ್ನು ಬಿಂದಿಗೆ ಯಾರಿಗೆ ಅನ್ನೋದು. ನಮ್ಮ ಕಡೆ ಒಂದು ಶಾಲೆಯಲ್ಲಿ ಒಬ್ಬ ಹುಡುಗನಿಗೆ “ನೀನು ಸುಮ್ನೆ ಬಾಯಿ ಆಡಿಸು, ದನಿ ತೆಗೀಬೇಡ” ಅಂದಿದ್ದರು. ಹಾಗೇ ಮಾಡಿದ. ಅವತ್ತಿನಿಂದ ಬಚ್ಚಲಲ್ಲೂ ಹಾಡೋದು ನಿಲ್ಲಿಸಿಬಿಟ್ಟ ಅಂತ ಅವನಜ್ಜಿ ಹೇಳಿದರು. ಮುಂದಿನ ಗಣೇಶನ ಹಬ್ಬಕ್ಕೆ ನಮ್ಮ ಬೀದಿಯ ಮಕ್ಕಳು ಹಾಡು ಕಟ್ಟಿದಾಗ ಬಿಂದಿಗೆ ಅವನ ಮಡಿಲಿಗೆ ಬಂತು. ಅವನು ತಪ್ಪಿದರೆ ಎಲ್ಲರೂ ತಪ್ಪುವ ಜಾಗ ಅದು! ಮೊದಲ ವಾರ ತಲೆ ಎತ್ತಲಿಲ್ಲ. ಎಂಟನೇ ದಿನವೋ ಒಂಬತ್ತನೇ ದಿನವೋ ಬಾರಿಸ್ತಾ ಬಾರಿಸ್ತಾ ಬಾಯಿ ತೆರೆದ. ಶ್ರುತಿ ಆಚೀಚೆ ಇತ್ತು ಅನ್ನಿ. ಧುಂ ಮಾತ್ರ ಒಂದೂ ತಪ್ಪಲಿಲ್ಲ. ಅಜ್ಜಿ ಪೆಂಡಾಲಿನ ಮುಂದಿನ ಸಾಲಿನಲ್ಲೇ ಕೂತಿದ್ದರು. ಆದ್ದರಿಂದ ಚೆನ್ನಾಗಿ ಹಾಡುವ ಮಗುವಿಗೆ ಬಿಂದಿಗೆ ಕೊಡಬೇಡಿ, ಹಾಡೋಕೆ ಹೆದರುವ ಮಗುವಿಗೆ ಕೊಡಿ.

ವೇದಿಕೆಯಲ್ಲಿ ಎರಡು ಮೈಕ್ ಕೇಳಿ. ಒಂದು ಹಾಡುವವರಿಗೆ, ಇನ್ನೊಂದು ಬಿಂದಿಗೆಯಿಂದ ಒಂದು ಅಡಿ ದೂರಕ್ಕೆ. ಸ್ಟೀಲ್ ತಟ್ಟೆ ಬಾರಿಸುವವರಿದ್ದರೆ ಅವರನ್ನು ಹಿಂದೆ ಕೂರಿಸಿ, ಕಡ್ಡಿಗೆ ಬಟ್ಟೆ ಸುತ್ತಿ. ಬಟ್ಟಲಿಗೆ ನೀರು ತುಂಬೋದು ವೇದಿಕೆ ಹತ್ತಿದ ಮೇಲೆ. ಮಟ್ಟ ತೋರಿಸೋಕೆ ಮೊದಲೇ ಉಗುರುಬಣ್ಣದಲ್ಲಿ ಗೆರೆ ಎಳೆದಿಟ್ಟಿರಿ. ಹಾಂ, ಇನ್ನೊಂದು ಮಾತು. ಮದುವೆಯಲ್ಲಿ ಬಂದ ಸ್ಟೀಲ್ ಪಾತ್ರೆಗೆ ಹೆಸರು ಕೆತ್ತಿಸಿರುತ್ತೆ, ಪ್ಲಾಸ್ಟಿಕ್ ಬಿಂದಿಗೆಗೆ ಇರಲ್ಲ. ಬಣ್ಣದಲ್ಲಿ ಬರೆದು ಕಳಿಸಿ. ಕಾರ್ಯಕ್ರಮ ಮುಗಿದ ಮೇಲೆ ಯಾರ ಬಿಂದಿಗೆ ಯಾರ ಮನೆ ಸೇರಿತು ಅಂತ ನಲ್ಲಿ ಹತ್ತಿರ ಇನ್ನೊಂದು ಕಾರ್ಯಕ್ರಮ ಬೇಡ!